ಉಮೇದುವಾರನ ಅರ್ಜಿಯೂ ಯಂತ್ರದ ಓದೂ

ಕೆಲಸ ಕೇಳುವವನಿಗೆ ಕನ್ನಡದಲ್ಲಿ ‘ಉಮೇದುವಾರ’ ಎಂಬ ಹೆಸರುಂಟು. ಪಾರಸಿಯಿಂದ ಬಂದ ಶಬ್ದವಿದು. ಉಮೇದು ಎಂದರೆ ಆಶೆ; ಆಶೆಯುಳ್ಳವನು ಉಮೇದುವಾರ. ಅವನು ಬರೆದುಕೊಡುವ ‘ಅರ್ಜಿ’ಯು ಅರಬ್ಬಿಯ ಮೂಲದ್ದು, ಅವನ ಪರವಾಗಿ ಮತ್ತೊಬ್ಬರು ಆಡುವ ‘ಶಿಫಾರಸು’ ಪುನಃ ಪಾರಸಿಯದು. ಈ ಶಬ್ದಗಳು ಬರುವ ಮೊದಲು ನಮ್ಮಲ್ಲಿ ಕೇಳಿಕೊಳ್ಳುವ ಪದ್ಧತಿಯೇ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಹಳಗನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣುವ ‘ಬಿನ್ನಪ’ವು ಸಂಸ್ಕೃತದ ವಿಜ್ಞಾಪನದ ತದ್ಭವ. ಬಿನ್ನಪ ಮಾಡುವವನು ಕೊಡುವವನ ಎದುರಿಗೆ ನಿಲ್ಲುತ್ತಿದ್ದನು. ಅರ್ಜಿಯ ಕಾಲಕ್ಕೆ ಮನುಷ್ಯ ಹಿಂದೆ ನಿಂತು ಕಾಗದ ಮುಂದೆ ಹೋಯಿತು. ಈಗಲಾದರೋ ಆ ಕಾಗದವನ್ನು ಅನೇಕ ಕಡೆ ಮೊದಲು ಓದುವುದು ಯಂತ್ರ. ಅದನ್ನು ಬರೆಯುವುದೂ ಬಹಳ ಸಲ ಯಂತ್ರವೇ. ಹೀಗಿರುವಾಗ ಉಮೇದುವಾರನ ಪಾಡೇನಾಗಿದೆ, ಅದರಲ್ಲಿಯೂ ಗಡಿನಾಡಿನ ಕನ್ನಡ ಮನೆಗಳ ಮಕ್ಕಳ ಪಾಡೇನಾಗಿದೆ ಎಂಬುದನ್ನು ನಮಗೆ ಕಂಡ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ. ನಾವು ಯಂತ್ರಶಾಸ್ತ್ರಜ್ಞರಲ್ಲ, ತರಬೇತಿ ಪಡೆದ ಉಪಾಧ್ಯಾಯರು, ಈಗ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಶಾಲೆ ಬಿಟ್ಟ ಮಕ್ಕಳು ಅರ್ಜಿ ತಿದ್ದಿಸಲು ನಮ್ಮ ಬಳಿಗೆ ಬರುತ್ತಾರೆ. ನಮ್ಮ ಸಂಶೋಧನೆಗೆ ಆಧಾರ ಆ ಅರ್ಜಿಗಳು.

ನಮ್ಮ ಕುರಿಚಿಯು ಕೊಯಮುತ್ತೂರಿನ ದಕ್ಷಿಣದಲ್ಲಿ, ಪೊಳ್ಳಾಚಿಗೆ ಹೋಗುವ ರಸ್ತೆಯಲ್ಲಿದೆ. 2011ರಲ್ಲಿ ಅದು ಕೊಯಮುತ್ತೂರು ಮಹಾನಗರಸಭೆಯೊಳಗೆ ಸೇರಿತು. ಬೆಟ್ಟದ ಸೀಮೆಯ ಊರಿಗೆ ತಮಿಳಿನಲ್ಲಿ ಕುರಿಚ್ಚಿ ಎನ್ನುವರು. ಒಂದು ಕಡೆ ಕೆರೆ, ಇನ್ನೊಂದು ಕಡೆ ಸಿಡ್ಕೋ ಕೈಗಾರಿಕಾ ವಸಾಹತು. ಅಲ್ಲಿಯ ಕಾರ್ಖಾನೆಗಳಲ್ಲಿ ಎರಕ ಹೊಯ್ಯುವುದು, ಲೇತಿನಲ್ಲಿ ತಿರುಗಿಸುವುದು, ಪಂಪು ಮೋಟಾರುಗಳ ಭಾಗಗಳನ್ನು ಮಾಡುವುದು ಹಗಲಿರುಳು ನಡೆದಿರುತ್ತದೆ. ಕೊಯಮುತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟನ್ನು ಈ ಸಂಚಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಕೊಳ್ಳೇಗಾಲವು 1956ರವರೆಗೆ ಕೊಯಮುತ್ತೂರು ಜಿಲ್ಲೆಯ ತಾಲೂಕೇ ಆಗಿದ್ದಿತು. ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಆದರೆ ಆ ಮನೆಗಳ ಮಕ್ಕಳು ಓದುವುದು ತಮಿಳು ಮತ್ತು ಇಂಗ್ಲಿಷ್. ಕನ್ನಡವನ್ನು ಕಿವಿಯಿಂದ ಬಲ್ಲರು, ಕಣ್ಣಿನಿಂದ ಅರಿಯರು. ಮುಂದೆ ಹೇಳಬೇಕಾದ ಸಂಗತಿಗೆ ಇದು ಮುಖ್ಯವಾದುದರಿಂದ ಇಲ್ಲಿಯೇ ಹೇಳಿಟ್ಟಿದ್ದೇವೆ.

ಈ ಊರಲ್ಲಿ ಕೆಲಸ ಸಿಕ್ಕುತ್ತಿದ್ದ ಬಗೆ ಸರಳವಾದದ್ದು. ಕಾರ್ಖಾನೆಯ ಬಾಗಿಲಿಗೆ ‘ಆಟ್ಕಳ್ ತೇವೈ’ ಎಂಬ ಹಲಗೆ ತೂಗುಹಾಕುವರು. ಆಳು ಬೇಕಾಗಿದೆ ಎಂದರ್ಥ. ಹುಡುಗ ಒಳಗೆ ಹೋಗುವನು. ಮೇಸ್ತ್ರಿಯು ಒಂದು ನಕ್ಷೆಯನ್ನೂ ಒಂದು ಕಬ್ಬಿಣದ ಸಲಾಕೆಯನ್ನೂ ಕೊಟ್ಟು ಲೇತಿನ ಮುಂದೆ ನಿಲ್ಲಿಸುವನು. ಅರ್ಧ ಗಂಟೆಯೊಳಗೆ ಹುಡುಗನ ವಿದ್ಯೆ ಎಷ್ಟೆಂಬುದು ಇಬ್ಬರಿಗೂ ಗೊತ್ತಾಗುತ್ತಿತ್ತು. ಈ ಪದ್ಧತಿ ಈಗಲೂ ಇದೆ. ಇದನ್ನು ಕೃತಕ ಬುದ್ಧಿಮತ್ತೆ ಇನ್ನೂ ಹೆಚ್ಚಾಗಿ ಮುಟ್ಟಿಲ್ಲ. ಗುಮಾಸ್ತೆಯ ಕೆಲಸಕ್ಕೆ ಮಾತ್ರ ಬೇರೆ ದಾರಿ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಮೂರು ವರ್ಷಕ್ಕೊಮ್ಮೆ ನವೀಕರಿಸಿ, ಅಂಚೆಯವನ ದಾರಿ ಕಾಯುವುದು. ಖಾಲಿ ಸ್ಥಾನಗಳನ್ನು ಆ ಕಚೇರಿಗಳಿಗೆ ತಿಳಿಸಲೇಬೇಕೆಂದು 1959ರಲ್ಲಿ ಶಾಸನವೇ ಆಯಿತು. 1997ರಲ್ಲಿ ನೌಕರಿ ಎಂಬ ಅಂತರ್ಜಾಲ ಸಂಸ್ಥೆ ಆರಂಭವಾಯಿತು; 2015ರ ಜುಲೈಯಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣವನ್ನು ತೆರೆಯಿತು. ಈಗ ವಿಳಾಂಕುರಿಚಿಯ ಟೈಡೆಲ್ ಪಾರ್ಕಿನ ಕಚೇರಿಗಾಗಲಿ ತಿರುಪ್ಪೂರಿನ ಬನಿಯನ್ ರಫ್ತು ಸಂಸ್ಥೆಗಾಗಲಿ ಅರ್ಜಿ ಹಾಕುವುದೆಂದರೆ ಕೈಯಲ್ಲಿರುವ ಫೋನಿನ ಮೇಲೆ ಬೆರಳಿಡುವುದು. ಒಂದು ಸಂಜೆಯಲ್ಲಿ ನಲವತ್ತು ಅರ್ಜಿ ಹಾಕಿದೆನೆಂದು ಹೇಳುವ ಹುಡುಗರನ್ನು ನಾವು ಕಂಡಿದ್ದೇವೆ. ನಲವತ್ತಕ್ಕೂ ಉತ್ತರವಿಲ್ಲ.

ಅರ್ಜಿ ಹಾಕುವುದು ಇಷ್ಟು ಸುಲಭವಾದುದೇ ಯಂತ್ರದ ಓದಿಗೆ ಕಾರಣ. ಒಂದು ಸ್ಥಾನಕ್ಕೆ ಸಾವಿರ ಅರ್ಜಿ ಬಂದರೆ ಯಾವ ಮ್ಯಾನೇಜರನು ತಾನೇ ಓದಿಯಾನು? ಯಂತ್ರವು ಓದುವ ಕ್ರಮ ಹೀಗಿದೆ. ಮೊದಲು ಅರ್ಜಿಯೊಳಗಿನ ಅಕ್ಷರಗಳನ್ನು ಬಿಡಿಸಿಕೊಳ್ಳುತ್ತದೆ. ಬಳಿಕ ಹೆಸರು, ವಿದ್ಯೆ, ಅನುಭವದ ವರ್ಷ, ಕುಶಲತೆ ಎಂದು ಗೂಡುಗಳಲ್ಲಿ ತುಂಬುತ್ತದೆ. ಆಮೇಲೆ ಕೆಲಸ ಕೊಡುವವರು ಬರೆದ ವಿವರಣೆಯೊಡನೆ ಹೋಲಿಸಿ ಅಂಕ ಹಾಕುತ್ತದೆ. ಹಳೆಯ ಯಂತ್ರಗಳು ಪದಕ್ಕೆ ಪದ ಕೂಡಿಸುತ್ತಿದ್ದವು. ‘ಟ್ಯಾಲಿ’ ಎಂದು ಅಲ್ಲಿದ್ದು, ‘ಲೆಕ್ಕ ಬರೆಯಬಲ್ಲೆ’ ಎಂದು ಇಲ್ಲಿದ್ದರೆ ಆ ಹುಡುಗನಿಗೆ ಸೊನ್ನೆ. ಹೊಸ ಯಂತ್ರಗಳು ಪದಗಳ ಅರ್ಥವನ್ನೇ ಸಂಖ್ಯೆಗಳ ರೂಪದಲ್ಲಿ ಇಟ್ಟುಕೊಂಡಿರುವುದರಿಂದ ಹತ್ತಿರದ ಅರ್ಥವುಳ್ಳ ಮಾತುಗಳನ್ನೂ ಒಂದಾಗಿ ಕಾಣಬಲ್ಲವು. ಯಂತ್ರವು ಅರ್ಜಿಯನ್ನು ತಿರಸ್ಕರಿಸುತ್ತದೆಂದು ಮಕ್ಕಳು ಹೇಳುತ್ತಾರೆ. ಎಲ್ಲ ಕಡೆಯೂ ಹಾಗಲ್ಲ. ಬಹುಮಟ್ಟಿಗೆ ಅದು ಸಾಲಾಗಿ ನಿಲ್ಲಿಸುತ್ತದೆ. ಮುಂದಿನ ಇಪ್ಪತ್ತನ್ನು ಮನುಷ್ಯನು ಓದುತ್ತಾನೆ. ಹಿಂದಿನ ಒಂಬೈನೂರ ಎಂಬತ್ತನ್ನು ತಿರಸ್ಕರಿಸಿದವರೇ ಇಲ್ಲ, ಓದಿದವರೂ ಇಲ್ಲ. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ವಿಚಾರಿಸಿ ಹಾರ್ವರ್ಡಿನ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯೋಗ್ಯರಾದ ಉಮೇದುವಾರರು ಕೂಡ ಲಿಖಿತ ಷರತ್ತುಗಳಿಗೆ ಸರಿಯಾಗಿ ಹೊಂದದಿದ್ದ ಮಾತ್ರಕ್ಕೆ ಸೋಸಿಹೋಗುತ್ತಿದ್ದಾರೆಂದು 100ಕ್ಕೆ 88 ಮಂದಿ ಕೆಲಸ ಕೊಡುವವರೇ ಒಪ್ಪಿಕೊಂಡಿದ್ದರು.

ಸೋಸಿಹೋಗುವ ಕಾರಣಗಳು ಕೆಲವೊಮ್ಮೆ ಕ್ಷುಲ್ಲಕ. ಎರಡು ಅಂಕಣಗಳಲ್ಲಿ ಅಂದವಾಗಿ ಜೋಡಿಸಿದ ಅರ್ಜಿಯನ್ನು ಕೆಲವು ಯಂತ್ರಗಳು ಎಡದಿಂದ ಬಲಕ್ಕೆ ಒಂದೇ ಸಾಲೆಂದು ಓದಿ ಕಲಸುಮೇಲೋಗರ ಮಾಡುತ್ತವೆ. ಕಾಗದದ ಚಿತ್ರ ತೆಗೆದು ಕಳಿಸಿದರೆ ಅದರೊಳಗಿನ ಅಕ್ಷರಗಳು ಕೆಲವು ಯಂತ್ರಗಳಿಗೆ ಕಾಣುವುದೇ ಇಲ್ಲ. ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕುಂಟು: ಹೆಸರು. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟು ಸ್ವಂತ ಹೆಸರನ್ನು ಬರೆಯುವ ವಾಡಿಕೆ, ಕುಲನಾಮವೆಂಬುದಿಲ್ಲ. ಅರ್ಜಿಯ ನಮೂನೆಯಾದರೋ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಗೂಡುಗಳನ್ನಿಟ್ಟು, ಎರಡನೆಯದು ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಒಬ್ಬನು ಅಲ್ಲಿ ತಂದೆಯ ಹೆಸರನ್ನು ಬರೆಯುತ್ತಾನೆ, ಒಬ್ಬಳು ಊರ ಹೆಸರನ್ನು ಬರೆಯುತ್ತಾಳೆ, ಒಬ್ಬನು ಬೇಸತ್ತು ತನ್ನ ಹೆಸರನ್ನೇ ಎರಡು ಸಲ ಬರೆಯುತ್ತಾನೆ. ಕೊನೆಗೆ ಅರ್ಜಿಯ ಹೆಸರು ಒಂದು, ಅಂಕಪಟ್ಟಿಯ ಹೆಸರು ಇನ್ನೊಂದು. ದಾಖಲೆ ಪರಿಶೀಲನೆಯ ದಿನ ಇವನೇ ಅವನೆಂದು ಪ್ರಮಾಣಪತ್ರ ಬರೆದುಕೊಡುವ ಕೆಲಸ ನಮ್ಮದು. ಇಂತಹ ಪತ್ರಗಳನ್ನು ನಾವು ಬೇಕಾದಷ್ಟು ಬರೆದಿದ್ದೇವೆ.

ಇನ್ನು ಯಂತ್ರದ ಬರೆವಣಿಗೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರ ಕೈಗೆ ಬಂದಿತು. ಅದರ ಹಿಂದೆಯೇ ಅಂತಹ ಇನ್ನೂ ಕೆಲವು ಬಂದವು. ಇವು ಅಪಾರವಾದ ಗ್ರಂಥರಾಶಿಯನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವುದು ಸಹಜ ಎಂಬುದನ್ನು ಕಲಿತಿವೆ. ಆದಕಾರಣ ಸಹಜವಾದ ಮಾತನ್ನು ಬಹಳ ಚೆನ್ನಾಗಿ ಬರೆಯುತ್ತವೆ. ಎಲ್ಲರೂ ಬರೆಯುವಂತಹುದನ್ನು ಎಲ್ಲರಿಗಿಂತ ಚೆನ್ನಾಗಿ ಬರೆಯುವುದು ಅವುಗಳ ಗುಣವೂ ಹೌದು, ದೋಷವೂ ಹೌದು. ನಮ್ಮ ಮಕ್ಕಳಿಗೆ ಇದರಿಂದ ಆದ ಉಪಕಾರವನ್ನು ಮರೆಮಾಚುವುದು ನ್ಯಾಯವಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿಯೂ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಲಾರದವನು ತಮಿಳಿನಲ್ಲಿ ತನ್ನ ವಿಷಯವನ್ನು ಬರೆದರೆ, ಅದನ್ನು ನಿಮಿಷದಲ್ಲಿ ಒಳ್ಳೆಯ ಇಂಗ್ಲಿಷಿಗೆ ತಿರುಗಿಸಿಕೊಡುತ್ತದೆ. ಹಣವಂತರ ಮಕ್ಕಳಿಗೆ ಚಿಕ್ಕಪ್ಪನೋ ಮಾವನೋ ಮಾಡಿಕೊಡುತ್ತಿದ್ದ ಕೆಲಸ ಈಗ ನೇಕಾರನ ಮಗನಿಗೂ ದೊರೆಯಿತು. ಬರೆವಣಿಗೆಯ ಯಂತ್ರಸಹಾಯವು ಕೆಲಸ ದೊರಕಿಸಿಕೊಡುತ್ತದೆಯೇ ಎಂದು ಅಮೆರಿಕದ ವಿದ್ವಾಂಸರು ಅಂತರ್ಜಾಲದ ಉದ್ಯೋಗ ಮಾರುಕಟ್ಟೆಯೊಂದರ ಸುಮಾರು ಐದು ಲಕ್ಷ ಉಮೇದುವಾರರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಹಾಯ ಪಡೆದವರಿಗೆ ಉಳಿದವರಿಗಿಂತ ಶೇಕಡಾ 8ರಷ್ಟು ಹೆಚ್ಚಾಗಿ ಕೆಲಸ ಸಿಕ್ಕಿತು. ಆ ಸಹಾಯವು ಕಾಗುಣಿತವನ್ನೂ ವ್ಯಾಕರಣವನ್ನೂ ತಿದ್ದುವ ಮಟ್ಟಿನದು. ಇಡೀ ಅರ್ಜಿಯನ್ನು ಬರೆದುಕೊಟ್ಟುದಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ಏಕೆಂದರೆ ಎಲ್ಲರ ಅರ್ಜಿಯೂ ಚೆನ್ನಾದಾಗ ಅರ್ಜಿಯ ಬೆಲೆ ಇಳಿಯುತ್ತದೆ. ಹಿಂದೆ ತಪ್ಪಿಲ್ಲದ ಒಂದು ಪುಟವು ಉಮೇದುವಾರನ ಓದಿಗೂ ಶ್ರದ್ಧೆಗೂ ಸಾಕ್ಷಿಯಾಗಿದ್ದಿತು. ಈಗ ಅದು ಯಾವುದಕ್ಕೂ ಸಾಕ್ಷಿಯಲ್ಲ. ಒಮ್ಮೆ ನಮ್ಮ ಹಳೆಯ ವಿದ್ಯಾರ್ಥಿಗಳು ಐವರು ಒಂದೇ ಕೆಲಸಕ್ಕೆ ಬರೆದ ಪತ್ರಗಳನ್ನು ನಾವು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಐದರಲ್ಲಿ ನಾಲ್ಕು, ಈ ಸ್ಥಾನದ ಬಗ್ಗೆ ತಮಗೆ ಅತ್ಯಂತ ಉತ್ಸಾಹವಿದೆಯೆಂಬ ಒಂದೇ ವಾಕ್ಯದಿಂದ ಆರಂಭವಾಗಿದ್ದವು. ನಾಲ್ವರೂ ತಂಡದಲ್ಲಿ ಬೆರೆತು ದುಡಿಯುವವರು, ನಾಲ್ವರೂ ಸವಾಲುಗಳನ್ನು ಸ್ವಾಗತಿಸುವವರು. ಐದನೆಯವನದು ತಪ್ಪು ಇಂಗ್ಲಿಷು. ಆದರೆ ಎರಡು ವರ್ಷ ತಾನು ಸೋದರಮಾವನ ಅಂಗಡಿಯಲ್ಲಿ ಸರಕಿನ ಲೆಕ್ಕವಿಟ್ಟೆನೆಂದು ಅದರಲ್ಲಿ ಬರೆದಿದ್ದನು. ನಾಲ್ವರಲ್ಲಿ ಒಬ್ಬನನ್ನು ಸಂದರ್ಶನಕ್ಕೆ ಕರೆದರು. ಅರ್ಜಿಯಲ್ಲಿದ್ದ ಒಂದು ಶಬ್ದದ ಅರ್ಥ ಕೇಳಿದರಂತೆ, ಅವನಿಗೆ ಗೊತ್ತಿರಲಿಲ್ಲ. ಅವನು ಎಂದೂ ಕಲಿಯದ ಒಂದು ಕೋರ್ಸಿನ ಹೆಸರೂ ಅದರಲ್ಲಿದ್ದಿತು; ಯಂತ್ರವು ತಾನಾಗಿ ಸೇರಿಸಿದ್ದುದನ್ನು ಅವನು ಓದಿ ನೋಡಿರಲೇ ಇಲ್ಲ. ಸಹಜವಾಗಿ ಬರುವ ಪದವನ್ನು ಬರೆಯುವ ಯಂತ್ರಕ್ಕೆ ನಿಜವೂ ಸುಳ್ಳೂ ಒಂದೇ ತೆರನಾಗಿ ಸಹಜವಾಗಿರಬಲ್ಲವು.

ಈ ಪತ್ರಗಳನ್ನು ನೋಡಿ ನಾವು ಮೊದಲು ನಕ್ಕೆವು. ಅನಂತರ ನಗು ನಿಂತಿತು. ‘ಐ ಬೆಗ್ ಟು ಅಪ್ಲೈ’ ಎಂದು ಆರಂಭಿಸುವ ಪತ್ರವನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆಸಿದವರು ನಾವೇ. ಶಾಲೆ ಬಿಡುವ ಪ್ರಮಾಣಪತ್ರದಲ್ಲಿ ನಡತೆ ಎಂಬ ಗೂಡಿನ ಮುಂದೆ ಎಲ್ಲರಿಗೂ ‘ಉತ್ತಮ’ ಎಂದು ಒಂದೇ ಶಬ್ದವನ್ನು ಸಹಿ ಹಾಕಿ ಕೊಟ್ಟವರೂ ನಾವೇ. ಕೆರೆಯಲ್ಲಿ ಮುಳುಗುತ್ತಿದ್ದ ಮಗುವನ್ನು ಎಳೆದು ತಂದ ಹುಡುಗನಿಗೂ ‘ಉತ್ತಮ’, ಪ್ರಯೋಗಶಾಲೆಯ ಗಾಜು ಒಡೆದು ಓಡಿದವನಿಗೂ ‘ಉತ್ತಮ’. ಯಂತ್ರವು ನಮ್ಮಂತಹವರ ಬರೆವಣಿಗೆಯನ್ನು ಓದಿಯೇ ಕಲಿತಿರುವಾಗ ಅದು ಬೇರೆ ಏನನ್ನು ಬರೆದೀತು?

ಈಗ ಮುಖ್ಯ ಸಂಗತಿಗೆ ಬರುತ್ತೇವೆ. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ವಾಣಿಜ್ಯ ಪದವಿ ಪಡೆದವಳು, ಪಂಪುಸೆಟ್ಟು ಮಾರುವ ಸಂಸ್ಥೆಯೊಂದರ ಕಚೇರಿ ಕೆಲಸಕ್ಕೆ ಅರ್ಜಿ ಬರೆದು ತಂದಳು. ಯಂತ್ರವು ಬರೆದ ಅರ್ಜಿ. ಒಂದು ಅಕ್ಷರವೂ ತಪ್ಪಿಲ್ಲ. ಬಲ್ಲ ಭಾಷೆಗಳು ಎಂಬಲ್ಲಿ ತಮಿಳು, ಇಂಗ್ಲಿಷ್ ಎಂದಿದ್ದಿತು. ಅವಳ ತಂದೆತಾಯಿಗಳನ್ನು ನಾವು ಬಲ್ಲೆವು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತಿಲ್ಲ. “ಕನ್ನಡ ಯಾಕಮ್ಮಾ ಬರೀಲಿಲ್ಲ?” ಎಂದು ಕೇಳಿದೆವು. “ಅದು ಮನೇಲಿ ಮಾತಾಡೋದು ತಾನೇ ಸಾರ್? ಓದಿದ್ದಲ್ಲವಲ್ಲ” ಎಂದಳು. ನಾವು ಆ ಕೆಲಸದ ವಿವರಣೆಯನ್ನು ಅವಳ ಫೋನಿನಲ್ಲಿಯೇ ತೆಗೆಸಿ ಓದಿಸಿದೆವು. ಕೆಳಗಿನ ಸಾಲಿನಲ್ಲಿ, ಕರ್ನಾಟಕದ ಗಿರಾಕಿಗಳೊಡನೆ ಮಾತನಾಡಬಲ್ಲವರಿಗೆ ಆದ್ಯತೆಯೆಂದು ಇದ್ದಿತು. ಅವಳು ಅದನ್ನು ಓದಿಯೂ ತನಗೆ ಸಂಬಂಧಿಸಿದ್ದೆಂದು ತಿಳಿದಿರಲಿಲ್ಲ. ಯಂತ್ರವಂತೂ ತಿಳಿಯುವಂತಿರಲಿಲ್ಲ, ಅವಳು ಹೇಳಿದ್ದರೆ ತಾನೇ? ಕನ್ನಡಕ್ಕೆ ಅಂಕಪಟ್ಟಿಯಿಲ್ಲ, ಆದುದರಿಂದ ಅದು ವಿದ್ಯೆಯಲ್ಲ ಎಂದು ಇಪ್ಪತ್ತೊಂದು ವರ್ಷ ನಾವೆಲ್ಲರೂ ಸೇರಿ ಅವಳಿಗೆ ಕಲಿಸಿದ್ದೆವು.

ಇದು ಒಬ್ಬಳ ಕಥೆಯಲ್ಲ. ಆಮೇಲೆ ಮನೆಮಾತು ಕನ್ನಡವಾಗಿರುವ ಹನ್ನೊಂದು ಮಂದಿಯ ಅರ್ಜಿಗಳನ್ನು ತರಿಸಿ ನೋಡಿದೆವು. ಒಂಬತ್ತರಲ್ಲಿ ಕನ್ನಡದ ಸುಳಿವಿಲ್ಲ. ಅದೇ ಹನ್ನೊಂದರಲ್ಲಿ ಒಬ್ಬನ ಅರ್ಜಿಯಲ್ಲಿ ಅನುಭವ ಎಂಬಲ್ಲಿ ‘ಇಲ್ಲ’ ಎಂದಿದ್ದಿತು. ಸಿರುಮುಗೈ ಕಡೆಯ ನೇಕಾರ ಮನೆತನದವನು. ಹನ್ನೆರಡನೆಯ ತರಗತಿಯ ನಂತರ ನಾಲ್ಕು ವರ್ಷ ತಂದೆಯೊಡನೆ ಜಕಾರ್ಡ್ ಮಗ್ಗದಲ್ಲಿ ಕುಳಿತು ಸೀರೆ ನೆಯ್ದವನು. ತಿರುಪ್ಪೂರಿನ ವಸ್ತ್ರಸಂಸ್ಥೆಗೆ ಬರೆದ ಅರ್ಜಿಯಲ್ಲಿ ಅವನಿಗೆ ಅನುಭವವಿಲ್ಲ! ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಜಕಾರ್ಡ್ ಎಂಬುದು ಫ್ರಾನ್ಸಿನ ಲಿಯಾನಿನ ನೇಕಾರ ಕುಟುಂಬದವನೊಬ್ಬನ ಹೆಸರು. ರಂಧ್ರ ಕೊರೆದ ರಟ್ಟುಗಳ ಸರಮಾಲೆಯಿಂದ ಮಗ್ಗಕ್ಕೆ ವಿನ್ಯಾಸವನ್ನು ತಿಳಿಸುವ ಉಪಾಯವನ್ನು ಅವನು 1804ರ ಸುಮಾರಿಗೆ ಸಿದ್ಧಪಡಿಸಿದನು. ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟುಗಳನ್ನೇ ಮಾದರಿಯಾಗಿ ತೆಗೆದುಕೊಂಡನು. ಹಾಲರಿತ್ ಎಂಬವನು ರಂಧ್ರದ ಪತ್ರಗಳಿಂದಲೇ ಅಮೆರಿಕದ 1890ರ ಜನಗಣತಿಯನ್ನು ಎಣಿಸಿದನು. ಅಲ್ಲಿಂದ ಬೆಳೆದುಬಂದ ವಂಶದ ಕುಡಿಯೇ ಇಂದಿನ ಗಣಕಯಂತ್ರ. ಆ ರಟ್ಟುಗಳನ್ನು ಕಟ್ಟಿ, ತಪ್ಪಿದ ಎಳೆಯನ್ನು ಹುಡುಕಿ, ಯಾವ ರಂಧ್ರ ಕೆಟ್ಟಿದೆಯೆಂದು ಹೇಳಬಲ್ಲ ಹುಡುಗನು ಗಣಕಯಂತ್ರದ ಮುಂದೆ ತನಗೆ ಅನುಭವವಿಲ್ಲವೆಂದು ಬರೆದನು.

ಹೀಗೆ ನೋಡಿದರೆ, ಯಂತ್ರವು ನಮ್ಮ ಮಕ್ಕಳಿಗೆ ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಅದರ ಕೇಡುಬುದ್ಧಿಯಿಂದ ಬಂದುದಲ್ಲ. ಹೇಳಿದುದನ್ನು ಅದು ಅಂದಗೊಳಿಸುತ್ತದೆ, ಹೇಳದುದನ್ನು ಎಲ್ಲರಂತೆ ತುಂಬುತ್ತದೆ. ಮೇಸ್ತ್ರಿಯ ಎದುರಿಗೆ ನಿಂತಾಗ ಹೇಳದುದು ಕೂಡ ಕಾಣುತ್ತಿತ್ತು. ಕೈ ಕಾಣುತ್ತಿತ್ತು, ಮಾತಿನ ಧಾಟಿ ಕೇಳುತ್ತಿತ್ತು, “ನೀವು ಕನ್ನಡದವರೇನಪ್ಪಾ?” ಎಂದು ಯಾರಾದರೂ ಕೇಳುತ್ತಿದ್ದರು. ಯಂತ್ರವು ಹಾಗೆ ಕೇಳುವುದಿಲ್ಲ.

ಯಂತ್ರವೇ ಸಂದರ್ಶನ ಮಾಡುವ ಪದ್ಧತಿಯೂ ಬಂದಿದೆ. ಫೋನಿನಲ್ಲಿ ಒಂದು ಧ್ವನಿ ಪ್ರಶ್ನೆ ಕೇಳುತ್ತದೆ. ಉಮೇದುವಾರನ ಉತ್ತರವನ್ನು ಅಕ್ಷರಕ್ಕಿಳಿಸಿ ತೂಗುತ್ತದೆ. ಇದನ್ನು ಕೇಳಿದೊಡನೆ ನಮ್ಮ ವಯಸ್ಸಿನವರಿಗೆ ಅಸಹ್ಯವಾಗುವುದು ಸಹಜ. ಆದರೆ ಸಂಶೋಧನೆ ಬೇರೆ ಹೇಳುತ್ತದೆ. ಫಿಲಿಪೈನ್ಸಿನಲ್ಲಿ ಸುಮಾರು 70,000 ಉಮೇದುವಾರರ ಮೇಲೆ ನಡೆದು 2025ರಲ್ಲಿ ಹೊರಬಂದ ಪರೀಕ್ಷೆಯೊಂದರಲ್ಲಿ, ಯಂತ್ರವು ಸಂದರ್ಶಿಸಿದವರಿಗೆ ಮನುಷ್ಯರು ಸಂದರ್ಶಿಸಿದವರಿಗಿಂತ ಶೇಕಡಾ 12ರಷ್ಟು ಹೆಚ್ಚಾಗಿ ಕೆಲಸದ ಕರೆ ದೊರೆಯಿತು. ಕೊನೆಯ ತೀರ್ಮಾನವನ್ನು ಮಾತ್ರ ಮನುಷ್ಯರೇ ಮಾಡಿದರು. ಆಯ್ಕೆ ಕೊಟ್ಟಾಗ ಹೆಚ್ಚಿನವರು ಯಂತ್ರವನ್ನೇ ಆರಿಸಿಕೊಂಡರು. ಕಾರಣವನ್ನು ಊಹಿಸಬಹುದು. ಯಂತ್ರಕ್ಕೆ ಆಯಾಸವಿಲ್ಲ, ಗಡಿಯಾರ ನೋಡುವುದಿಲ್ಲ, ಉಮೇದುವಾರನ ಅಂಗಿಯನ್ನು ನೋಡಿ ಮುಖ ಸಿಂಡರಿಸುವುದಿಲ್ಲ. ದೊಡ್ಡ ಕಚೇರಿಯ ಮೆಟ್ಟಿಲು ಹತ್ತುವಾಗಲೇ ನಾಲಗೆ ಒಣಗುವ ನಮ್ಮ ಮಕ್ಕಳನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಪಕ್ಕವೂ ಉಂಟು. ಅಮೆರಿಕದ ಐದು ದೊಡ್ಡ ಸಂಸ್ಥೆಗಳ ಯಂತ್ರಗಳು ಮಾತನ್ನು ಬರೆದುಕೊಳ್ಳುವಾಗ ಬಿಳಿಯರ ನೂರು ಪದಗಳಲ್ಲಿ ಸುಮಾರು 19ನ್ನು ತಪ್ಪಾಗಿ ಕೇಳಿದರೆ, ಕರಿಯರ ನೂರು ಪದಗಳಲ್ಲಿ 35ನ್ನು ತಪ್ಪಾಗಿ ಕೇಳಿದವೆಂದು 2020ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಮಾತಾಗಿರುವವರ ಗತಿಯೇ ಹೀಗಾದರೆ, ಕನ್ನಡದ ಉಸಿರು, ತಮಿಳಿನ ಉಚ್ಚಾರ ಎರಡೂ ಬೆರೆತ ನಮ್ಮ ಮಕ್ಕಳ ಇಂಗ್ಲಿಷನ್ನು ಯಂತ್ರ ಹೇಗೆ ಕೇಳೀತೆಂದು ಚಿಂತೆಯಾಗುತ್ತದೆ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದಕ್ಕೆ ಅಭ್ಯಾಸ ಮಾಡಿಸುವುದೊಂದೇ ನಮ್ಮ ಕೈಯಲ್ಲಿರುವುದು.

ಯಂತ್ರವು ಪಕ್ಷಪಾತವಿಲ್ಲದ್ದೆಂಬ ಮಾತು ಪೂರ್ಣ ನಿಜವಲ್ಲ. ಅಮೆಜಾನ್ ಸಂಸ್ಥೆಯು ಅರ್ಜಿಗಳಿಗೆ ಅಂಕ ಹಾಕುವ ಯಂತ್ರವೊಂದನ್ನು ಪ್ರಯೋಗಕ್ಕಾಗಿ ಮಾಡಿ ಕೈಬಿಟ್ಟ ಸಂಗತಿ 2018ರಲ್ಲಿ ಹೊರಬಿದ್ದಿತು. ಹಿಂದಿನ ವರ್ಷಗಳ ಅರ್ಜಿಗಳಲ್ಲಿ ಗಂಡಸರವೇ ಹೆಚ್ಚಾಗಿದ್ದುದರಿಂದ, ಅವನ್ನು ಓದಿ ಕಲಿತ ಯಂತ್ರವು ಹೆಂಗಸರ ಎಂಬ ಶಬ್ದ ಕಂಡಲ್ಲಿ ಅಂಕ ಕಡಿಮೆ ಮಾಡುತ್ತಿದ್ದಿತು. ಮನುಷ್ಯರೂ ಕಡಿಮೆಯವರಲ್ಲ. ನಮ್ಮ ದೇಶದಲ್ಲಿ ಒಂದೇ ಯೋಗ್ಯತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿ ನೋಡಿದ ಥೋರಟ್ ಮತ್ತು ಅಟ್‌ವೆಲ್ ಅವರು, ದಲಿತ ಹಾಗೂ ಮುಸಲ್ಮಾನ ಹೆಸರುಗಳಿಗೆ ಕರೆ ಕಡಿಮೆಯಾದುದನ್ನು 2007ರಲ್ಲಿ ತೋರಿಸಿದರು. ಆಗ ಓದಿದವರು ಮನುಷ್ಯರೇ. ಮನುಷ್ಯನ ಕೈಯಿಂದಾದ ಹಳೆಯ ಅನ್ಯಾಯವೇ ಯಂತ್ರಕ್ಕೆ ಪಾಠಪುಸ್ತಕವಾಗುವುದು ಇಲ್ಲಿಯ ಭಯ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ, ಇಂತಹ ಯಂತ್ರಗಳನ್ನು ವರ್ಷಕ್ಕೊಮ್ಮೆ ಪಕ್ಷಪಾತದ ತಪಾಸಣೆಗೆ ಒಳಪಡಿಸಿ ಉಮೇದುವಾರರಿಗೆ ಮೊದಲೇ ತಿಳಿಸಬೇಕೆಂಬ ಕಾನೂನು ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟದ 2024ರ ಶಾಸನವು ನೇಮಕಾತಿಯ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಶಾಸನವಾಗಿದೆ. ನೇಮಕಾತಿಯ ಯಂತ್ರಕ್ಕೇ ಎಂದು ಪ್ರತ್ಯೇಕ ಕಾನೂನಿಲ್ಲ.

ಮೋಸದ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಸುಳ್ಳು ನೇಮಕಾತಿ ಪತ್ರಗಳು ಮೊದಲೂ ಬರುತ್ತಿದ್ದವು. ಅವುಗಳ ಕೆಟ್ಟ ಇಂಗ್ಲಿಷೇ ಗುಟ್ಟು ಬಿಟ್ಟುಕೊಡುತ್ತಿತ್ತು. ಯಂತ್ರವು ಕಳ್ಳನಿಗೂ ವ್ಯಾಕರಣ ಕಲಿಸಿಬಿಟ್ಟಿದೆ. ಹೊರದೇಶದಲ್ಲಿ ಗಣಕಯಂತ್ರದ ಕೆಲಸವೆಂದು ನಂಬಿ ಹೋಗಿ ವಂಚಕರ ಕೈದಿಗಳಾದ ಭಾರತೀಯರಲ್ಲಿ 549 ಮಂದಿಯನ್ನು ಮ್ಯಾನ್ಮಾರ್ ಗಡಿಯಿಂದ ವಾಯುಸೇನೆಯ ವಿಮಾನಗಳಲ್ಲಿ ಕರೆತಂದುದು 2025ರ ಮಾರ್ಚಿಯಲ್ಲಿ. ಕೆಲಸ ಕೊಡುವವನು ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಬೇಕು. ಈ ಎರಡನ್ನು ಹತ್ತನೆಯ ತರಗತಿಯಲ್ಲಿಯೇ ಬಾಯಿಪಾಠ ಮಾಡಿಸುವುದು ಒಳ್ಳೆಯದು.

ಆ ಹುಡುಗಿಯ ಅರ್ಜಿಯನ್ನು ನಾವು ತಿದ್ದಲಿಲ್ಲ, ಅವಳಿಂದಲೇ ತಿದ್ದಿಸಿದೆವು. ಭಾಷೆಯ ಸಾಲಿನಲ್ಲಿ, ಕನ್ನಡ ಮನೆಮಾತು, ಸರಾಗವಾಗಿ ಮಾತನಾಡಬಲ್ಲೆ, ಓದಲು ಈಗ ಕಲಿಯುತ್ತಿದ್ದೇನೆ ಎಂದು ಬರೆದಳು. ಕೊನೆಯ ಭಾಗ ಬರೆಯುವಾಗ ಅದು ನಿಜವಾಗಿರಲಿಲ್ಲ. ಸುಳ್ಳಾಗಬಾರದೆಂದು ಅಂದೇ ಸಂಜೆಯಿಂದ ಅಕ್ಷರಮಾಲೆಗೆ ಕುಳಿತಳು. ಆ ಸಂಸ್ಥೆಯವರು ಕರೆದರು; ಗಿರಾಕಿಯೊಬ್ಬನಂತೆ ನಟಿಸಿ ಕನ್ನಡದಲ್ಲಿ ಮಾತನಾಡಿಸಿದರಂತೆ. ಆ ಸ್ಥಾನ ಬೇರೆಯವರಿಗೆ ಹೋಯಿತು. ಎರಡು ತಿಂಗಳ ಮೇಲೆ ಅದೇ ಬಗೆಯ ಇನ್ನೊಂದು ಕಡೆ ಅವಳಿಗೆ ಕೆಲಸವಾಯಿತು. ನೇಕಾರನ ಮಗನು ಇನ್ನೂ ಅರ್ಜಿ ಹಾಕುತ್ತಿದ್ದಾನೆ. ಅನುಭವದ ಸಾಲಿನಲ್ಲಿ ನಾಲ್ಕು ವರ್ಷ, ಜಕಾರ್ಡ್ ಮಗ್ಗ, ಸೀರೆಗಳ ಸಂಖ್ಯೆ, ತಾನೇ ಸರಿಪಡಿಸಿದ ದೋಷಗಳು ಎಲ್ಲವೂ ಈಗ ಇವೆ.

ಈಗ ನಾವು ಶನಿವಾರ ಮಧ್ಯಾಹ್ನ ಒಂದು ಗಂಟೆ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸುತ್ತೇವೆ. ಮೊದಲ ಅರ್ಧ ಗಂಟೆ ಫೋನನ್ನು ಮೇಜಿನ ಮೇಲಿಟ್ಟು ಬರೀ ನೋಟುಬುಕ್ಕಿನಲ್ಲಿ ಬರೆಯುವುದು, ತಮಿಳಾದರೂ ಸರಿ, ತಮಿಳು ಅಕ್ಷರದಲ್ಲಿ ಕನ್ನಡವಾದರೂ ಸರಿ. ಮನೆಯಲ್ಲಿ ಯಾವ ಮಾತು, ಯಾರಿಗೆ ಯಾವ ಕೆಲಸದಲ್ಲಿ ಕೈಹಚ್ಚುತ್ತೀರಿ, ಏನನ್ನು ರಿಪೇರಿ ಮಾಡಬಲ್ಲಿರಿ, ಯಾವ ಲೆಕ್ಕವನ್ನು ಇಟ್ಟಿದ್ದೀರಿ ಎಂಬ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದಿರುತ್ತೇವೆ. ಬರೆದುದನ್ನು ಯಂತ್ರಕ್ಕೆ ಕೊಟ್ಟು ಇಂಗ್ಲಿಷು ಮಾಡಿಸುವುದು ಆಮೇಲೆ. ಅದು ಕೊಟ್ಟ ಪ್ರತಿಯೊಂದು ಶಬ್ದದ ಅರ್ಥವನ್ನೂ ಹೇಳಲಾಗದವರು ಆ ಶಬ್ದವನ್ನು ಹೊಡೆದುಹಾಕಬೇಕು. ಗಡಿನಾಡಿನ ಇತರ ಶಾಲೆಗಳ ಉಪಾಧ್ಯಾಯ ಮಿತ್ರರೂ ಇದನ್ನು ನಡೆಸಿ ನೋಡಿ, ಕಂಡ ತೊಡಕುಗಳನ್ನು ಸಂಘದ ಮುಂದಿನ ಸಭೆಯಲ್ಲಿ ತಿಳಿಸಿದರೆ ಉಪಕಾರವಾದೀತು.

ಹೋದ ಶನಿವಾರ ಒಬ್ಬ ಹುಡುಗನು ಎಷ್ಟು ಹೊತ್ತಾದರೂ ಏನನ್ನೂ ಬರೆಯದೆ ಕುಳಿತಿದ್ದನು. ಕಡೆಗೆ ಒಂದು ಸಾಲು ಬರೆದನು: ಕೊಳ್ಳೇಗಾಲದ ಕಡೆಯಿಂದ ಬಂದ ಅಜ್ಜಿಗೆ ತಮಿಳು ಬಾರದು, ಆಸ್ಪತ್ರೆಗೆ ಹೋದಾಗ ವೈದ್ಯರು ಹೇಳುವುದನ್ನು ಅಜ್ಜಿಗೂ ಅಜ್ಜಿ ಹೇಳುವುದನ್ನು ವೈದ್ಯರಿಗೂ ತಾನೇ ಹೇಳುತ್ತೇನೆ. ಅವನು ಅರ್ಜಿ ಹಾಕಬೇಕೆಂದಿದ್ದುದು ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದ ಕೆಲಸಕ್ಕೆ. ಇದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕೋ ಅವನಿಗೆ ತಿಳಿಯಲಿಲ್ಲ. ಯಂತ್ರವು ಒಂದೇ ವಾಕ್ಯದಲ್ಲಿ ಬರೆದುಕೊಟ್ಟಿತು. ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ನಡುವಿನ ಒಂದು ಕಷ್ಟಶಬ್ದದ ಮೇಲೆ ಗೀಟು ಹಾಕಿದನು.